ನಾಗಮ್ಮನನ್ನು ಶಹಾಪುರಕ್ಕೆ ಕೊಟ್ಟದ್ದು

ಹೊಸದಾಗಿ ದೈಹಿಕ ಶಿಕ್ಷಕಿಯಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಸುರಪುರದ ನಮ್ಮ ಮನೆಗೆ ಬಂದಿದ್ದಳು. ಕೊರಳಲ್ಲಿ ಹೊಸ ಸೀಟಿ, ಮೊಬೈಲಿನ ತುಂಬ ತರಬೇತಿಯ ವಿಡಿಯೊಗಳು. "ಟೀಚರ್, ಈ ನೌಕರಿಯಾಗ ಎಲ್ಲಾಕಿಂತ ಮೊದಲ ಏನು ಕಲೀಬೇಕ್ರಿ?" ಎಂದು ಕೇಳಿದಳು. "ಆಟದ ಸಾಮಾನಿನ ಖೋಲಿ ಕೀಲಿಕೈ ಯಾರ ಬಲ್ಲಿ ಇರ್ತದ ಅನ್ನೋದು ಕಲಿಯವಾ," ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ನನ್ನ ಸೇವೆಯ ದೊಡ್ಡ ಭಾಗ ಆ ಕೀಲಿಕೈ ಹುಡುಕುವುದರಲ್ಲೇ ಹೋಗಿದೆ. ಗುಮಾಸ್ತರು ಅದನ್ನು ಜೇಬಿನಲ್ಲಿಟ್ಟುಕೊಂಡು ಕಕ್ಕೇರಾಕ್ಕೆ ಹೋಗಿಬಿಡುತ್ತಿದ್ದರು. ಒಳಗೆ ಚೆಂಡುಗಳು, ಹೊರಗೆ ಹುಡುಗಿಯರು, ನಡುವೆ ಬೀಗ. ಇದೇ ನಮ್ಮ ಕ್ರೀಡಾ ಇಲಾಖೆ.

ಬಡ್ತಿ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಇವೆಲ್ಲವನ್ನೂ ಬೀಳ್ಕೊಡುಗೆಯ ದಿನ ಹೇಳಿಯಾಗಿದೆ. ಅವತ್ತೂ ಯಾರೂ ಕೇಳಲಿಲ್ಲ. ಈ ಕೆಲಸಕ್ಕೆ ಬರುವವರಿಗೆ ಬೇಕಾದದ್ದು ಬೇರೆ. ಅದನ್ನು ಬರೆಯುತ್ತೇನೆ.

ನಾನು ಕಲಿಸಿದ್ದು ಬಾಸ್ಕೆಟ್‌ಬಾಲ್. ಸರ್ಕಾರಿ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಬಂದ ಮೊದಲ ವರ್ಷ ಅಲ್ಲಿ ಕಂಬ ಇತ್ತು, ಹಲಗೆ ಇತ್ತು, ರಿಂಗ್ ಇರಲಿಲ್ಲ. ಆಗಿನ ಹೆಡ್‌ಮಾಸ್ತರು ಭಾರಿ ಉತ್ಸಾಹದವರು. ನನ್ನನ್ನು ಒಂದು ಮಾತೂ ಕೇಳದೆ ವೆಲ್ಡಿಂಗ್ ಅಂಗಡಿಗೆ ಹೋಗಿ ರಿಂಗ್ ಮಾಡಿಸಿ ತಂದರು. ಅಳತೆಗೆ ಅಂತ ಶಾಲೆಯ ವಾಲಿಬಾಲನ್ನು ಒಯ್ದಿದ್ದರು. ವೆಲ್ಡಿಂಗಿನವನು ಬಹಳ ನಿಷ್ಠೆಯಿಂದ ಅಳತೆ ಹಿಡಿದಿದ್ದ. ಉದ್ಘಾಟನೆಯ ದಿನ ಊರಿನ ಗಣ್ಯರೊಬ್ಬರು ಬಾಸ್ಕೆಟ್‌ಬಾಲ್ ಎಸೆದರು. ಅದು ನೆಟ್ಟಗೆ ಹೋಗಿ ರಿಂಗಿನ ಮೇಲೆ ಕೂತಿತು. ಕೆಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ. ಹೆಡ್‌ಮಾಸ್ತರು ನನ್ನ ಕಡೆ ತಿರುಗಿ, "ಟೀಚರ್, ಚೆಂಡಿನ್ಯಾಗ ಗಾಳಿ ಜಾಸ್ತಿ ಆಗ್ಯಾದ ನೋಡ್ರಿ," ಎಂದರು. ಏಣಿ ತಂದು ಚೆಂಡು ಇಳಿಸುವ ಹೊತ್ತಿಗೆ ಗಣ್ಯರು ಚಹಾ ಕುಡಿದು ಹೋಗಿದ್ದರು.

ರಿಂಗ್ ಸರಿಹೋದ ಮೇಲೆ ಅಂಕಣದ ಕಾಟ ಶುರುವಾಯಿತು. ಸಿಮೆಂಟಿನ ಸಪಾಟು ನೆಲ ಕಂಡರೆ ನಮ್ಮ ಕಡೆಯವರಿಗೆ ಅದು ಕಣವೇ. ತೊಗರಿ ಬಂದಾಗ ತೊಗರಿ, ಮೆಣಸಿನಕಾಯಿ ಬಂದಾಗ ಮೆಣಸಿನಕಾಯಿ. ಬೆಳಿಗ್ಗೆ ಹುಡುಗಿಯರನ್ನು ಕರೆದುಕೊಂಡು ಬಂದರೆ ಅರ್ಧ ಅಂಕಣದ ಮೇಲೆ ಯಾರದೋ ರಾಶಿ ಹರಡಿರುತ್ತಿತ್ತು, ಅದರ ಪಕ್ಕ ಒಬ್ಬ ಮುದುಕಿ ಕೋಲು ಹಿಡಿದು ಕೂತಿರುತ್ತಿದ್ದಳು. "ಇದು ಆಟದ ಜಾಗ, ಅಮ್ಮಾ," ಎಂದರೆ, "ಆಡ್ರಿ, ಯಾರ ಬ್ಯಾಡ ಅಂದಾರ? ತೊಗರಿ ತುಳೀಬ್ಯಾಡ್ರಿ ಅಷ್ಟ," ಎನ್ನುತ್ತಿದ್ದಳು. ನಮ್ಮ ಹುಡುಗಿಯರು ಇಕ್ಕಟ್ಟಿನಲ್ಲಿ ಚೆಂಡು ಸಂಭಾಳಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ ಎಂದು ಯಾದಗಿರಿಯಲ್ಲಿ ಹೊಗಳುತ್ತಿದ್ದರು. ಕಲಿಯದೆ ಏನು ಮಾಡುತ್ತಾರೆ?

ಇನ್ನು ಕಲಿಸುವ ವಿಧಾನದ ಮಾತು. ತರಬೇತಿ ಶಿಬಿರದಲ್ಲಿ ನಮಗೆ ಆಟದ ಪ್ರತಿ ಹೂಟಕ್ಕೂ ಒಂದು ಇಂಗ್ಲಿಷ್ ಹೆಸರು ಹೇಳಿಕೊಟ್ಟಿದ್ದರು. ಅವನ್ನು ನಮ್ಮ ಹುಡುಗಿಯರ ಮುಂದೆ ಕೂಗಿದೆ. ಐದು ಜನ ಐದು ಕಡೆ ಓಡಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಒಂದು ವಾರ ಗಂಟಲು ಹರಿದುಕೊಂಡ ಮೇಲೆ ಇಂಗ್ಲಿಷನ್ನು ಬಿಟ್ಟು ಅವರು ಕಂಡ ಊರುಗಳ ಹೆಸರನ್ನೇ ಇಟ್ಟೆ. 'ನಾರಾಯಣಪುರ' ಅಂದರೆ ಡ್ಯಾಮಿನ ಗೇಟು ತೆಗೆದ ಹಾಗೆ: ಐದೂ ಜನ ಇದ್ದ ಜಾಗ ಬಿಟ್ಟು ಒಂದೇ ಉಸಿರಿಗೆ ಎದುರಿನ ರಿಂಗಿನ ಕಡೆ ಓಡಬೇಕು. 'ಕೊಡೇಕಲ್' ಅಂದರೆ ಗುಡಿ ಸುತ್ತಿದ ಹಾಗೆ: ಅವಸರವಿಲ್ಲದೆ ಚೆಂಡನ್ನು ಸುತ್ತ ತಿರುಗಿಸಬೇಕು. 'ಕಕ್ಕೇರಾ' ಅಂದರೆ ಸಂತೆ: ಎಲ್ಲರೂ ರಿಂಗಿನ ಕೆಳಗೆ ಗುಂಪುಗೂಡಬೇಕು. ಎರಡೇ ದಿನದಲ್ಲಿ ಕಲಿತರು. ಆಮೇಲೆ ಬಂದ ಪ್ರತಿ ತಂಡವೂ ಇವೇ ಹೆಸರುಗಳಲ್ಲಿ ಆಡಿತು. ಇದರಿಂದಲೇ ಮುಂದೆ ನನ್ನ ತಲೆಕೆಡುತ್ತದೆ ಎಂದು ನನಗೇನು ಗೊತ್ತಿತ್ತು?

ಈ ಹೆಸರುಗಳನ್ನು ಕೂಗುವ ಕೆಲಸ ಪಾಯಿಂಟ್ ಗಾರ್ಡ್‌ನದು. ಚೆಂಡನ್ನು ನಮ್ಮ ತುದಿಯಿಂದ ಮುಂದಕ್ಕೆ ತರುವವಳು ಅವಳು; ಯಾರು ಎಲ್ಲಿದ್ದಾರೆ, ಯಾವಾಗ ಓಡಬೇಕು ಎಂದು ನೋಡಿ ಆಟ ನಡೆಸುವವಳು ಅವಳು. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ ನಮ್ಮ ಗಾರ್ಡ್ ಶಾಂತಾ, ಹತ್ತನೆಯ ತರಗತಿ. ಒಳ್ಳೆಯ ಆಟಗಾರ್ತಿ. ದಣಿವು ಅನ್ನುವುದನ್ನೇ ಕಾಣದ ಹುಡುಗಿ. ಅವಳ ಹಿಂದೆ ಬದಲಿಯಾಗಿ ಕೂರುತ್ತಿದ್ದವಳು ನಾಗಮ್ಮ, ಒಂಬತ್ತನೆಯ ತರಗತಿ.

ನಾಗಮ್ಮನ ಅಪ್ಪ ಬೀರಪ್ಪ ಕಕ್ಕೇರಾ ಕಡೆಯ ಕುರಿಗಾರ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರೂರು ಹೊಲಗಳಲ್ಲಿ ಬೀಡುಬಿಡುವ ಸಂಸಾರ. ಮಗಳನ್ನು ಸುರಪುರದ ಹಾಸ್ಟೆಲ್ಲಿನಲ್ಲಿ ಬಿಟ್ಟಿದ್ದ. ಗಿಡ್ಡ ಹುಡುಗಿ, ಮಾತು ಕಡಿಮೆ. ಆದರೆ ಅಂಕಣಕ್ಕೆ ಇಳಿದರೆ ಗಂಟಲು ತೆರೆಯುತ್ತಿತ್ತು. ದಿನಾ ಅಭ್ಯಾಸದಲ್ಲಿ ಹುಡುಗಿಯರನ್ನು ಕಲಸಿ ಎರಡು ತಂಡ ಮಾಡುತ್ತಿದ್ದೆ. ಒಂದನ್ನು ಶಾಂತಾ ನಡೆಸುತ್ತಿದ್ದಳು, ಇನ್ನೊಂದನ್ನು ನಾಗಮ್ಮ. ಹಾಗಾಗಿ ನಮ್ಮ ಪ್ರತಿ ಹುಡುಗಿಗೂ ನಾಗಮ್ಮನ ಕೂಗು ಕಿವಿಯಲ್ಲಿ ಕೂತಿತ್ತು. ಅವಳ ದೋಷ ಒಂದೇ: ಶಾಂತಾಳಿಗಿಂತ ಒಂದು ವರ್ಷ ತಡವಾಗಿ ಹುಟ್ಟಿದ್ದು.

ಇಬ್ಬರನ್ನೂ ಒಟ್ಟಿಗೆ ಆಡಿಸಿ ನೋಡಲಿಲ್ಲವೇ ಎಂದು ಕೇಳಬೇಡಿ. ನೋಡಿದೆ. ಒಬ್ಬಳು ಕೊಡೇಕಲ್ ಎಂದು ಕೂಗಿದರೆ ಇನ್ನೊಬ್ಬಳು ಅದೇ ಉಸಿರಿಗೆ ಕಕ್ಕೇರಾ ಎನ್ನುತ್ತಿದ್ದಳು. ಉಳಿದ ಮೂವರು ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ನಡುದಾರಿಯಲ್ಲಿ ನಿಲ್ಲುತ್ತಿದ್ದರು. ಸಾಕಪ್ಪಾ ಸಾಕು ಅನ್ನಿಸಿತು.

ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಬೀರಪ್ಪ ಬಂದು ಹಾಸ್ಟೆಲ್ಲಿನ ಗೇಟಿನ ಮುಂದೆ ನಿಂತ. ಹೆಗಲ ಮೇಲೆ ಕಂಬಳಿ. "ಟೀಚರ್, ದೊಡ್ಡಾಕಿದು ಮದುವಿ ಆತು. ಹಿಂಡಿನ ಹಿಂದ ಮಂದಿ ಇಲ್ಲ. ಇಕಿ ಆಡ್ತಾಳ ಆಡ್ತಾಳ ಅಂತೀರಿ. ಹೋದ ವರ್ಷ ಯಾದಗಿರಿಗಿ ಬಂದು ನೋಡಿದ್ನಿ, ಬಾಕಿನ ಮ್ಯಾಲ ಕುಂತಿದ್ಳು. ಬರೇ ಕುಂದ್ರಾಕ ಶಾಲಿ ಯಾಕ್ರಿ? ಈ ವರ್ಷ ನೋಡ್ತೀನಿ. ಇಲ್ಲಂದ್ರ ಕರಕೊಂಡು ಹೋಗ್ತೀನಿ," ಎಂದ. ನನಗೆ ಸಿಟ್ಟು ಬಂತು. ಆದರೆ ಆತ ಹೇಳಿದ್ದರಲ್ಲಿ ಸುಳ್ಳು ಯಾವುದು? ಆ ವರ್ಷ ಜಿಲ್ಲಾ ಪಂದ್ಯಗಳನ್ನು ನೋಡಲು ಕ್ರೀಡಾ ವಸತಿ ನಿಲಯದ ಆಯ್ಕೆದಾರರು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಊಟ, ಓದು, ಆಟ ಎಲ್ಲ ಸರ್ಕಾರದ್ದೇ. ಬೀರಪ್ಪನೂ ಶಾಲೆ ಬಿಡಿಸುವ ಮಾತು ಎತ್ತುತ್ತಿರಲಿಲ್ಲ. ಆದರೆ ಬೆಂಚಿನ ಮೇಲೆ ಕೂತವಳನ್ನು ಯಾವ ಆಯ್ಕೆದಾರ ನೋಡುತ್ತಾನೆ?

ಅದೇ ಹೊತ್ತಿಗೆ ಶಹಾಪುರದ ಶರಣಪ್ಪ ಸರ್ ಫೋನ್ ಮಾಡಿದರು. ಅವರೂ ನನ್ನಂತೆ ದೈಹಿಕ ಶಿಕ್ಷಕರು, ಅಲ್ಲಿನ ಶಾಲೆಯ ತಂಡ ಅವರದು. ಅವರಿಗೆ ಗಾರ್ಡ್ ಇರಲಿಲ್ಲ. "ಟೀಚರ್, ನಿಮ್ಮ ನಾಗಮ್ಮನ್ನ ನಮಗ ಕೊಡ್ರಿ. ನಮ್ಮ ಚಂದ್ರಕಲಾನ ನೀವು ತಗೊಳ್ರಿ. ಭಾರಿ ಎತ್ತರ ಅದಾಳ. ಎರಡೂ ಕಡಿ ಟಿ.ಸಿ. ತಗದ್ರ ಮುಗೀತು," ಎಂದರು. ಪೇಟೆಯ ದೊಡ್ಡ ತಂಡಗಳು ಆಟಗಾರರನ್ನು ಅದಲುಬದಲು ಮಾಡುವುದನ್ನು ಟಿ.ವಿ.ಯಲ್ಲಿ ನೋಡಿದ್ದೆ. ನಮ್ಮಲ್ಲಿ ಆ ಕೆಲಸ ವರ್ಗಾವಣೆ ಪತ್ರದ ಮೇಲೆ ನಡೆಯುತ್ತದೆ. ಒಲ್ಲೆ ಎಂದೆ. ಶಾಂತಾ ಮುಂದಿನ ವರ್ಷ ಹೋಗುತ್ತಾಳೆ, ಆಗ ನನಗೆ ನಾಗಮ್ಮ ಬೇಕು. ತಯಾರಾದ ಗಾರ್ಡನ್ನು ಯಾರಾದರೂ ಎದುರಾಳಿಗೆ ಕೊಡುತ್ತಾರೆಯೇ?

ಶರಣಪ್ಪ ಸರ್ ಸುಮ್ಮನಿರದೆ ನಮ್ಮ ಹೆಡ್‌ಮಾಸ್ತರಿಗೆ ಫೋನ್ ಮಾಡಿದರು. ಇವರು ರಿಂಗ್ ಮಾಡಿಸಿದವರಲ್ಲ, ಆಮೇಲೆ ಬಂದವರು. ಆದರೆ ಅಳತೆಯ ವಿಷಯದಲ್ಲಿ ಇಬ್ಬರೂ ಒಂದೇ. ಎತ್ತರ ಎಂಬ ಮಾತು ಕೇಳಿದ್ದೇ ತಡ, ಇವರ ಕಣ್ಣು ಅರಳಿದವು. "ಟೀಚರ್, ಬಾಸ್ಕೆಟ್‌ಬಾಲ್ ಅಂದ್ರ ಎತ್ತರದ ಆಟ ಹೌದಲ್ರಿ? ಕುಂದ್ರೋ ಹುಡುಗಿನ್ನ ಕೊಟ್ಟು ನಿಂದ್ರೋ ಹುಡುಗಿನ್ನ ತಗೊಳ್ಳಾಕ ಏನು ತ್ರಾಸು?" ಎಂದರು. ಗಾರ್ಡ್ ಅಂದರೆ ಏನು ಎಂದು ವಿವರಿಸಿದೆ. ತಲೆಯಾಡಿಸಿದರು. ಮರುದಿನ ಮತ್ತೆ, "ಆ ಎತ್ತರದಾಕಿ ಯಾವಾಗ ಬರ್ತಾಳ?" ಒಂದು ವಾರ ಇದೇ ಹಾಡು. ಕ್ರೀಡೆಯ ಬಗ್ಗೆ ಏನೂ ಗೊತ್ತಿಲ್ಲದ ಮೇಲಧಿಕಾರಿಯನ್ನು ಸಹಿಸಬಹುದು. ಒಂದೇ ಒಂದು ಸಂಗತಿ ಗೊತ್ತಿರುವವನನ್ನು ಸಹಿಸುವುದು ಬಹಳ ಕಷ್ಟ.

ಕೊನೆಗೆ ಬೀರಪ್ಪನನ್ನು ಕರೆಸಿದೆ. ಆತ ಬೇಡ ಅಂದರೆ ಈ ಕಾಟ ತಪ್ಪುತ್ತದೆ ಎನ್ನುವುದು ನನ್ನ ಲೆಕ್ಕಾಚಾರ. ಹೆಡ್‌ಮಾಸ್ತರ ಕೋಣೆಯಲ್ಲಿ ಎಲ್ಲವನ್ನೂ ಹೇಳಿದೆ. ಶಹಾಪುರದಿಂದ ಶರಣಪ್ಪ ಸರ್ ಕೂಡ ಬಂದಿದ್ದರು. ಬೀರಪ್ಪನಿಗೆ ವಿಷಯ ತಿಳಿಯಲು ಎರಡು ಮಾತೂ ಬೇಕಾಗಲಿಲ್ಲ.

"ನಮ್ಮಲ್ಲೂ ಹಿಂಗ ಮಾಡ್ತೀವ್ರಿ," ಎಂದ. "ಒಂದು ಹಿಂಡಿನ್ಯಾಗ ಎರಡು ಟಗರು ಸರಿಸಮ ಬೆಳದ್ರ ಒಂದನ್ನ ಬೀಗರ ಹಿಂಡಿಗಿ ಕೊಟ್ಟು ಅವರದೊಂದು ತರ್ತೀವಿ. ಇಟಗೊಂಡ್ರ ಎರಡೂ ಹಾಳ. ಆದ್ರ ಕೊಡೋಕಿಂತ ಮೊದಲ ಹೋಗಿ ಅಲ್ಲಿ ಮೇವು ನೀರು ನೋಡ್ತೀವಿ. ಮತ್ತ ಕೊರಳಾಗಿನ ಗಂಟಿ ಬಿಚ್ಚಂಗಿಲ್ಲ. ಅದರ ಸಪ್ಪಳಕ್ಕ ಅದು ರೂಢಿ ಆಗಿರ್ತದ."

"ಹಂಗಾರ ಆತಲ್ಲ!" ಎಂದು ಹೆಡ್‌ಮಾಸ್ತರು ಮೇಜು ಬಡಿದರು.

"ಇರ್ರಿ ಸಾಹೇಬ್ರ," ಎಂದ ಬೀರಪ್ಪ. "ಟಗರಿಗಿ ಯಾರೂ ಕೇಳಂಗಿಲ್ಲ. ಇಕಿ ಮಗಳು. ಇಕಿಗಿ ಕೇಳೀರೇನ್ರಿ?"

ಯಾರೂ ಕೇಳಿರಲಿಲ್ಲ. ಒಂದು ವಾರದಿಂದ ಮೂವರು ವಿದ್ಯಾವಂತರು ಫೋನಿನಲ್ಲಿ ಜಗಳವಾಡಿದ್ದೆವು. ಆ ಹುಡುಗಿ ಅದೇ ಶಾಲೆಯಲ್ಲಿ, ಎರಡು ಕೋಣೆ ಆಚೆ ಕೂತು ಗಣಿತ ಮಾಡುತ್ತಿದ್ದಳು. ಕರೆಸಿದೆವು.

ನಾಗಮ್ಮ ಬಂದಳು. ಎಲ್ಲವನ್ನೂ ಕೇಳಿದಳು. ಹೆಡ್‌ಮಾಸ್ತರ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. "ಟೀಚರ್, ಖರೇ ಹೇಳ್ರಿ. ಯಾದಗಿರ್ಯಾಗ ನನಗ ಆಡಾಕ ಬಿಡ್ತೀರಿ?"

ನೋಡೋಣವಾ, ಸಮಯ ಬರಲಿ ಎಂದು ಜಾರಿಕೊಳ್ಳಬಹುದಿತ್ತು. ಈ ನೌಕರಿಯಲ್ಲಿ ಎಲ್ಲರೂ ನನಗೆ ಹೇಳಿದ್ದು ಅದನ್ನೇ, ಆ ಮಾತು ಕೇಳಿ ಕೇಳಿ ನನಗೆ ವಾಕರಿಕೆ ಬಂದಿತ್ತು. "ಶಾಂತಾ ದಣದ್ರ ಬಿಡ್ತೀನಿ," ಎಂದೆ.

"ಶಾಂತಕ್ಕ ದಣಿಯಂಗಿಲ್ರಿ."

"ಇಲ್ಲ," ಎಂದೆ. "ದಣಿಯಂಗಿಲ್ಲ."

"ಹಂಗಾರ ನಾ ಹೋಗ್ತೀನ್ರಿ," ಎಂದಳು.

ಒಂದು ವರ್ಷ ತೊಗರಿಯ ರಾಶಿಗಳ ನಡುವೆ ಕಲಿಸಿದ್ದು ನಾನು. ಫಲ ಉಣ್ಣುವವರು ಶಹಾಪುರದವರು. ಆದರೆ ನನ್ನ ಮುಂದಿನ ವರ್ಷದ ತಂಡಕ್ಕಾಗಿ ಅವಳನ್ನು ಹಿಡಿದಿಟ್ಟುಕೊಂಡರೆ ಮುಂದಿನ ವರ್ಷ ಅವಳೇ ಇರುವುದಿಲ್ಲ, ಕುರಿ ಹಿಂದೆ ಇರುತ್ತಾಳೆ. ಸರಿ ಎಂದೆ. ಹೆಡ್‌ಮಾಸ್ತರು ತಮ್ಮ ಮಾತು ಗೆದ್ದಿತೆಂದು ಎಲ್ಲರಿಗೂ ಚಹಾ ತರಿಸಿದರು. ನಾನು ಕುಡಿಯಲಿಲ್ಲ.

ಬೀರಪ್ಪ ಹೇಳಿದಂತೆಯೇ ಮೇವು ನೀರು ನೋಡಲು ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಶಹಾಪುರದ ಹಾಸ್ಟೆಲ್ಲಿಗೆ ಹೊರಟ. ಅಲ್ಲಿ ನೀರು ಕುಡಿದು ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದು ನುಂಗಿದ. ಅಡಿಗೆಯವಳ ಕೈಯಿಂದ ರೊಟ್ಟಿ ಇಸಿದುಕೊಂಡು ಮುರಿದು ನೋಡಿದ. ಬಾಗಿಲ ಚಿಲಕ ಎಳೆದು ನೋಡಿ, "ಚಲೋ ಅದ," ಎಂದ. ತಪಾಸಣೆಗೆ ಬರುವ ಅಧಿಕಾರಿಗಳು ವರಾಂಡದಲ್ಲಿ ಕೂತು ಗೋಡಂಬಿ ತಿಂದು ಹೋಗುವುದನ್ನು ಕಂಡಿದ್ದ ನಾನು, ಅವತ್ತು ಮೊದಲ ಬಾರಿಗೆ ಒಂದು ತಪಾಸಣೆಯನ್ನು ನೋಡಿದೆ.

ಚಂದ್ರಕಲಾ ಬಂದಳು. ಎತ್ತರ ಎತ್ತರವೇ, ಅದರಲ್ಲಿ ಮೋಸವಿಲ್ಲ. ಹೆಡ್‌ಮಾಸ್ತರು ಅವಳನ್ನು ತರಗತಿ ತರಗತಿಗೆ ಕರೆದೊಯ್ದು ತೋರಿಸಿದರು. ಬಂಗಾರದಂಥ ಹುಡುಗಿ, ಚಿತ್ರ ಬರೆಯುವುದರಲ್ಲಿ ಜಾಣೆ. ಸಂಜೆ ಅಂಕಣದಲ್ಲಿ ಅವಳ ಕಡೆ ಚೆಂಡು ಎಸೆದೆ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

"ಚೆಂಡು ಕಂಡ್ರ ನನಗ ಕಣ್ಣು ತಾವ ಮುಚ್ಚತಾವ್ರಿ, ಟೀಚರ್," ಎಂದಳು, ಕೂತಲ್ಲಿಂದಲೇ.

ಶರಣಪ್ಪ ಸರ್‌ಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಅವರು ತಣ್ಣಗೆ, "ನಿಮ್ಮ ಹೆಡ್‌ಮಾಸ್ತರು ಎತ್ತರ ಕೇಳಿದ್ರು. ಎತ್ತರ ಕೊಟ್ಟೇವಿ. ಆಟ ಯಾರು ಕೇಳಿದ್ರಿ?" ಎಂದರು. ಫೋನ್ ಇಟ್ಟೆ.

ತಾಲೂಕು ಪಂದ್ಯಗಳನ್ನು ಗೆದ್ದು ಯಾದಗಿರಿಗೆ ಹೋದೆವು. ಜಿಲ್ಲಾ ಫೈನಲ್‌ನಲ್ಲಿ ನಮಗೆ ಎದುರಾದವರು ಶಹಾಪುರದವರೇ. ಆ ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಶಾಂತಾ ತಟ್ಟೆ ಕೆಳಗಿಟ್ಟು, "ಟೀಚರ್, ನಾಗಮ್ಮಗ ನಮ್ಮ ಊರುಗಳ ಹೆಸರೆಲ್ಲಾ ಗೊತ್ತದಾವಲ್ರಿ?" ಎಂದಳು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಟಿ.ಸಿ., ಹಾಸ್ಟೆಲ್ಲು, ರೊಟ್ಟಿ, ನೀರು, ಚಿಲಕ ಎಲ್ಲವನ್ನೂ ನೋಡಿದ್ದೆವು. ಇದೊಂದು ಯಾರ ತಲೆಗೂ ಬಂದಿರಲಿಲ್ಲ.

ಅಲ್ಲೇ ಹೆಸರು ಬದಲಿಸಿದೆ. ನಾರಾಯಣಪುರ ಇನ್ನು ಮೇಲೆ ಹುಣಸಗಿ, ಕೊಡೇಕಲ್ ಇನ್ನು ಮೇಲೆ ಗುರುಮಠಕಲ್. ಹುಡುಗಿಯರು ಹೌದ್ರಿ ಹೌದ್ರಿ ಎಂದರು. ಆಟ ಶುರುವಾಗಿ ಶಾಂತಾ "ಹುಣಸಗಿ!" ಎಂದು ಕೂಗಿದಾಗ ಇಬ್ಬರು ಓಡಿದರು, ಒಬ್ಬಳು ನಿಂತಳು, ಇನ್ನೊಬ್ಬಳು ನನ್ನ ಕಡೆ ತಿರುಗಿ, "ಯಾವುದ್ರಿ ಅದು?" ಎಂದು ಕೇಳಿದಳು. ಜಿಲ್ಲಾ ಫೈನಲ್ಲಿನ ನಡುವೆ! ತಲೆ ಚಚ್ಚಿಕೊಂಡೆ. ಬಿಡುವಿನಲ್ಲಿ, "ಹಾಳಾಗಿ ಹೋಗಲಿ, ಹಳೇ ಹೆಸರೇ ಕೂಗ್ರಿ," ಎಂದೆ. ಕೂಗಿದರು. ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿ ನಾಗಮ್ಮ ಮೊದಲೇ ನಿಂತಿರುತ್ತಿದ್ದಳು.

ಆದರೂ ಶಾಂತಾ ಬಿಡಲಿಲ್ಲ. ಅಂಕಗಳು ಸಮವಾದವು. ಕೊನೆಯ ಗಳಿಗೆ, ಚೆಂಡು ನಾಗಮ್ಮನ ಕೈಯಲ್ಲಿ. ಶಾಂತಾ ಎದುರಿಗೆ ಗೋಡೆಯಾಗಿ ನಿಂತಿದ್ದಳು, ಅವಳ ಹಿಂದೆ ನಮ್ಮವರೇ ನಾಲ್ವರು. ಅಂಕಣದ ಪಕ್ಕದಲ್ಲಿ ಆಯ್ಕೆದಾರರು ಎದ್ದು ನಿಂತಿದ್ದರು. ಬೀರಪ್ಪ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ. ನಾಗಮ್ಮ ಆ ಕಡೆ ಈ ಕಡೆ ನೋಡಿದಳು, ದಾರಿ ಕಾಣಲಿಲ್ಲ. ಗಂಟಲು ಬಿಚ್ಚಿ ಕೂಗಿದಳು:

"ನಾರಾಯಣಪುರ!"

ನಮ್ಮ ಹುಡುಗಿಯರು ಓಡಿದರು. ಶಹಾಪುರದವರು ನಿಂತಲ್ಲೇ ನಿಂತಿದ್ದರು. ಅವರ ಆಟದಲ್ಲಿ ಆ ಹೆಸರೇ ಇಲ್ಲ. ಓಡಿದ್ದು ನನ್ನ ಹುಡುಗಿಯರು. ಶಾಂತಾ ಸಮೇತ ಐದೂ ಜನ, ಗೇಟು ತೆಗೆದ ಹಾಗೆ, ಇದ್ದ ಜಾಗ ಬಿಟ್ಟು ಎದುರಿನ ರಿಂಗಿನ ಕಡೆ. ವರ್ಷವಿಡೀ ದಿನಾ ಕೇಳಿದ ಕೂಗು, ಕಾಲು ಹೇಗೆ ಸುಮ್ಮನಿರುತ್ತವೆ? ರಿಂಗಿನ ಕೆಳಗೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ನಾಗಮ್ಮ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನಿಂತಳು. ಆಮೇಲೆ ಹೋಗಿ ಚೆಂಡು ಹಾಕಿದಳು. ಸೀಟಿ ಕೂಗಿತು.

ಹೆಡ್‌ಮಾಸ್ತರು ನನ್ನನ್ನು ನುಂಗುವಂತೆ ನೋಡಿದರು. ನಾನು ಸೀದಾ ನಾಗಮ್ಮನ ಹತ್ತಿರ ಹೋದೆ. "ಏನವಾ, ನಮಗ ಮೋಸ ಮಾಡಾಕ ನಮ್ಮ ಹೆಸರ ಬೇಕಾತೇನು?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಮೋಸ ಅಲ್ರಿ ಟೀಚರ್. ಹೆದರಿಕಿ ಬಂತ್ರಿ. ಅವಸರದಾಗ ನಮ್ಮ ಮಂದೀಗಿ ಕರದ್ನಿರಿ."

ಶಾಂತಾ ಓಡಿ ಬಂದು ಅವಳ ಬೆನ್ನಿಗೆ ಒಂದು ಗುದ್ದಿ, ಆಮೇಲೆ ತಬ್ಬಿಕೊಂಡಳು.

ಆಯ್ಕೆದಾರರು ಕರೆದ ಮೊದಲ ಹೆಸರು ನಾಗಮ್ಮನದು. ಮುಂದಿನ ವರ್ಷದಿಂದ ವಸತಿ ನಿಲಯಕ್ಕೆ ಬರಬಹುದು, ಅಪ್ಪನ ಒಪ್ಪಿಗೆ ಇದೆಯೇ ಎಂದು ಕೇಳಿದರು. ಬೀರಪ್ಪ ನನ್ನ ಮುಖ ನೋಡಿದ. "ಅಲ್ಲಿ ಮೇವು ನೀರು ನೋಡಿ ಬರೂಣ್ರಿ, ಟೀಚರ್," ಎಂದ. ಕಂಬಳಿ ಹೆಗಲಿಗೆ ಹಾಕಿಕೊಂಡು, "ಹಿಂಡಿನ ಹಿಂದ ನಾ ಒಬ್ಬನ ಹೋಗ್ತೀನಿ ಬಿಡ್ರಿ," ಎಂದ.

"ನಿನ್ನ ಮಗಳು ನಮ್ಮ ಹೆಸರ ಕೂಗಿ ನಮಗ ಸೋಲಿಸಿದ್ಳಲ್ಲೋ ಬೀರಪ್ಪ!" ಎಂದೆ.

"ಗಂಟಿ ಬಿಚ್ಚಿಲ್ಲ ಅಂದಂಗಾತಲ್ರಿ," ಎಂದ ಬೀರಪ್ಪ.

ಸುರಪುರದ ಬಸ್ಸು ಶಹಾಪುರ ದಾಟುವವರೆಗೂ ಹೆಡ್‌ಮಾಸ್ತರು ಬೈಯುತ್ತಲೇ ಇದ್ದರು. ಚಂದ್ರಕಲಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಸೋತ ತಂಡದ ಟೀಚರ್ ನಗುತ್ತಿರುವುದು ಅವರಿಗೆ ಕಾಣಬಾರದಲ್ಲ.